ಕಣ್ಣು ಮೊದಲು, ಕತ್ತು ಆಮೇಲೆ: ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಜೊತೆ ನನ್ನ ಅನುಭವ

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಥೆರಪಿಯನ್ನು ಮನೆಯವರ ಕೈಗೇ ಕೊಡುತ್ತೇನೆ ಅಂದಾಗ ನಮ್ಮ ಫಿಸಿಯೋ ಬಳಗದಲ್ಲಿ ನಕ್ಕವರೇ ಜಾಸ್ತಿ. "ವಾರಕ್ಕೆರಡು ಸೆಷನ್ ಇಲ್ಲದೆ ಕತ್ತು ನಿಲ್ಲುತ್ತಾ?" ಅಂತ ಕೇಳಿದ್ದರು. ಈಗ ಅವರೇ ಫೋನ್ ಮಾಡಿ, ಮಗುವಿನ ಕಣ್ಣು ಸೆಳೆದು ತಲೆ ಎತ್ತಿಸಲು ನಾನು ಬಳಸುವ ಕಪ್ಪು-ಬಿಳಿ ಪಟ್ಟೆಯ ಕಾರ್ಡಿನ ಅಳತೆ ಕೇಳುತ್ತಾರೆ.

ಸೆಷನ್ ದಾರಿ ಕೈಕೊಟ್ಟಿದ್ದು ದುಡ್ಡಿನಿಂದ. ಹಳ್ಳಿಯಿಂದ ಬರುವವರಿಗೆ ಬಸ್ಸು, ಊಟ, ತಪ್ಪಿದ ಕೂಲಿ ಎಲ್ಲಾ ಸೇರಿ ಸುಮಾರು 800 ರೂಪಾಯಿ ಆಗುತ್ತಿತ್ತು, ನನ್ನ ಫೀಸು ಬೇರೆ. ಎರಡನೇ ತಿಂಗಳಿಗೆ ಅರ್ಧಕ್ಕರ್ಧ ಜನ ನಾಪತ್ತೆ. ಬಂದ ಮಗುವೂ ಪ್ರಯಾಣದ ಸುಸ್ತಿಗೆ ನಿದ್ದೆ ಹೊಡೆಯುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ನನ್ನದು ಹಟ. ಆರ್‌ಒಪಿ, ಅಂದರೆ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ಒಳಪರದೆಗೆ (ರೆಟಿನಾ) ಬರುವ, ದೃಷ್ಟಿಯನ್ನೇ ಕಳೆಯಬಲ್ಲ ಕಾಯಿಲೆ, ಅದರ ತಪಾಸಣೆಯ ಚೀಟಿ ನೋಡದೆ ಕಾರ್ಡ್ ಮುಟ್ಟುವುದಿಲ್ಲ. 34 ವಾರಕ್ಕೆ ಮುಂಚೆ ಹುಟ್ಟಿದ, ಇಲ್ಲವೇ 2 ಕೆಜಿಗಿಂತ ಕಡಿಮೆ ತೂಗಿದ ಮಗುವಿನ ರೆಟಿನಾವನ್ನು 30 ದಿನದೊಳಗೆ ನೋಡಿಸಲೇಬೇಕು, ತೀರಾ ಸಣ್ಣವಕ್ಕೆ ಇನ್ನೂ ಬೇಗ. ಈ ತಪಾಸಣೆಗೆಂದೇ 2008ರಲ್ಲಿ ಕರ್ನಾಟಕದಲ್ಲಿ ಶುರುವಾದ ಕಿಡ್‌ರಾಪ್ ತಂಡ ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೇ ಬಂದಿದ್ದು ನಮ್ಮ ಪುಣ್ಯ.

ಇನ್ನು ಕೆಲಸಕ್ಕೆ ಬಾರದೆ ಹೋದ ಸಾಮಾನುಗಳು. ಗಿಲಕಿ ಆಡಿಸಿದರೆ ಮಗು ತಿರುಗುತ್ತದೆ, ಆದರೆ ತಿರುಗಿದ್ದು ಕಣ್ಣಿಗೋ ಕಿವಿಗೋ ಹೇಳೋದು ಕಷ್ಟ. ಮೊಬೈಲ್ ಟಾರ್ಚ್ ಹಿಡಿದರೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಬೆರಳು ಬಿರಿದು, ಬಿಕ್ಕಳಿಕೆ ಶುರು. ಆನ್‌ಲೈನ್‌ನಲ್ಲಿ 600 ಚಿಲ್ಲರೆ ಕೊಟ್ಟು ತರಿಸಿದ ಕಾರ್ಡ್‌ಗಳಿಗೆ ಹೊಳೆಯುವ ಲ್ಯಾಮಿನೇಷನ್. ಮಗುವಿಗೆ ಕಂಡಿದ್ದು ಬರೀ ಟ್ಯೂಬ್‌ಲೈಟು!

ಕೊನೆಗೆ ಬಿಳಿ ಚಾರ್ಟ್ ಹಾಳೆಯ ಮೇಲೆ ಕಪ್ಪು ಚಾರ್ಟಿನ ಇಂಚಗಲದ ಪಟ್ಟಿ ಅಂಟಿಸಿದೆ. ಖರ್ಚು 25 ರೂಪಾಯಿ ಒಳಗೆ.

ಈ ಮಕ್ಕಳ ಭುಜ ಹಿಂದಕ್ಕೆ ಎಳೆದಿರುತ್ತದೆ, ಬೋರಲು ಹಾಕಿದರೆ ಅಳುತ್ತವೆ. ಎಲ್ಲರೂ ಅಲ್ಲಿಂದಲೇ ಶುರು ಮಾಡಿ ಸೋಲೋದು. ನಾನು ಮೊದಲು ಪಕ್ಕಕ್ಕೆ ಮಲಗಿಸಿ, ಎರಡೂ ಕೈ ಎದೆಯ ಮುಂದೆ ತಂದು, 20–25 ಸೆಂಟಿಮೀಟರ್ ದೂರದಲ್ಲಿ ಕಾರ್ಡ್ ಹಿಡಿಯುತ್ತೇನೆ. ಕಣ್ಣು ಕಾರ್ಡಿನ ಹಿಂದೆ ಹೋಗಲು ಶುರುವಾದ ಮೇಲೆಯೇ ಬೋರಲು, ಅದೂ ಅಜ್ಜಿಯ ತೊಡೆಯ ಮೇಲೆ. ಕಾರ್ಡ್ ಕೆಳಗಿಂದ ನಿಧಾನ ಮೇಲೇರುತ್ತದೆ, ತಲೆ ಅದರ ಹಿಂದೆಯೇ ಏಳುತ್ತದೆ. ದಿನಕ್ಕೆ ನಾಲ್ಕೈದು ಸಲ, ಒಂದೆರಡು ನಿಮಿಷ ಸಾಕು. ಹಾಲು ಕುಡಿದ ತಕ್ಷಣ ಬೇಡ. ಎಣ್ಣೆ ನೀರು ಆದಮೇಲಂತೂ ಬೇಡವೇ ಬೇಡ, ಮಲಗಿಬಿಡುತ್ತವೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಹಳೇ ಕಾಲುಚೀಲದ ಕಪ್ಪು-ಬಿಳಿ ಪಟ್ಟೆಯ ಭಾಗ ಕತ್ತರಿಸಿ ಮುಂಗೈಗೆ ಸಡಿಲವಾಗಿ ತೊಡಿಸಿದೆ. ಮಕ್ಕಳು ತಮ್ಮ ಕೈಯನ್ನೇ ದಿಟ್ಟಿಸತೊಡಗಿದವು! ಪಟ್ಟೆ ಕೆನ್ನೆ ಮೇಲೂ ಬರಲಿ ಅಂತ ಅಮ್ಮಂದಿರ ಮುಖಕ್ಕೆ ಕಾಡಿಗೆ ಬಳಿದು ನೋಡಿದ್ದೂ ಉಂಟು. ಪ್ರಯೋಜನ ಸೊನ್ನೆ, ಮಗುವಿಗೆ ಬರೀ ಮುಖವೇ ಸಾಕಿತ್ತು.

ಕಳೆದ ವರ್ಷ ಹದಿನೈದು ಹದಿನಾರು ಮಕ್ಕಳಿದ್ದಿರಬೇಕು. ಹೆರಿಗೆಗೆ ಕೊಟ್ಟಿದ್ದ ದಿನದಿಂದ ಎಣಿಸಿದರೆ, ಹೆಚ್ಚಿನವಕ್ಕೆ ನಾಲ್ಕು ತಿಂಗಳ ಹೊತ್ತಿಗೆ ಕತ್ತು ನಿಂತಿತ್ತು, ಐದರ ಆಸುಪಾಸಿನಲ್ಲಿ ಕೈ ಚಾಚುತ್ತಿದ್ದವು. ಇಬ್ಬರಿಗೆ ತೊಡೆ ಬಿಗಿ ಸಡಿಲಲಿಲ್ಲ. ಅವರನ್ನು ತಡಮಾಡದೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದೆ.

ಈಗ ನಾನು ತಿಂಗಳಿಗೊಮ್ಮೆ ಮನೆಗೆ ಹೋಗುತ್ತೇನೆ, ಉಳಿದಿದ್ದು ವಾಟ್ಸಾಪ್ ವಿಡಿಯೋದಲ್ಲಿ. ಪೆಟ್ರೋಲ್ ಖರ್ಚು ಕಳೆದರೂ ಸೆಷನ್ ಕಾಲಕ್ಕಿಂತ ಜಾಸ್ತಿಯೇ ದುಡ್ಡು ನನ್ನ ಕೈಯಲ್ಲಿ ಉಳಿಯುತ್ತದೆ. ಕಾರ್ಡನ್ನು ಯಾವ ಕ್ಷಣದಲ್ಲಿ ಮರೆ ಮಾಡಿದರೆ ತಲೆ ಇನ್ನಷ್ಟು ಏಳುತ್ತದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ನೋಡಬೇಕೆನ್ನುವವರು ಒಂದು ದಿನ ಜೊತೆಗೆ ಬನ್ನಿ, ಬೆಳಗ್ಗೆ ಬೇಗ ಹೊರಡಬೇಕಾಗುತ್ತದೆ.