ನರ ಬೆಳೆಯುವ ತನಕ ನಾವು ಮಾಡುವ ಕೆಲಸ

ನಾನು ಮಡಿಕೇರಿಯಲ್ಲಿ ಫಿಸಿಯೋಥೆರಪಿಸ್ಟ್. ಕಾಳುಮೆಣಸು ಕೊಯ್ಲು ಶುರುವಾದರೆ ಏಣಿಯಿಂದ ಬಿದ್ದು ತೋಳಿನ ಮೂಳೆ ಮುರಿದುಕೊಂಡವರು ಬರುತ್ತಾರೆ. ಕೆಲವರಿಗೆ ಆ ಮೂಳೆಯನ್ನೇ ಸುತ್ತಿಕೊಂಡು ಹೋಗುವ ರೇಡಿಯಲ್ ನರಕ್ಕೂ ಪೆಟ್ಟಾಗಿರುತ್ತದೆ. ಮಣಿಕಟ್ಟು ಜೋತು ಬಿದ್ದಿರುತ್ತದೆ, ಬೆರಳು ಬಿಡಿಸಲು ಆಗುವುದಿಲ್ಲ.

"ಮೇಡಂ, ನರ ಸತ್ತೇ ಹೋಯ್ತಾ?" ಅಂತ ಕೇಳುತ್ತಾರೆ. ನಾನು ಅವರ ಕತ್ತಿನ ಹಿಂಭಾಗ ಮುಟ್ಟಿ ತೋರಿಸುತ್ತೇನೆ. ಸ್ನಾಯು ಆಡಿಸುವ ನರಕೋಶ ಇರುವುದು ಅಲ್ಲಿ, ಬೆನ್ನುಹುರಿಯೊಳಗೆ. ತೋಳಿಗೆ ಇಳಿದಿರುವುದು ಅದರ ಉದ್ದನೆಯ ಎಳೆ. ನರ ಬರೀ ಜಜ್ಜಿದ್ದರೆ ವಾರಗಳಲ್ಲೇ ಸರಿಹೋಗಬಹುದು, ಎಳೆ ತುಂಡಾಗಿದ್ದರೆ ತಿಂಗಳುಗಳ ಮಾತು. ಎಳೆ ತುಂಡಾದಾಗ ಕೋಶ ಊದಿಕೊಳ್ಳುತ್ತದೆ, ನ್ಯೂಕ್ಲಿಯಸ್ ಪಕ್ಕಕ್ಕೆ ಸರಿಯುತ್ತದೆ, ಪ್ರೋಟೀನ್ ತಯಾರಿಸುವ ನಿಸ್ಲ್ ಕಣಗಳು ಚದುರುತ್ತವೆ. ಆದರೆ ಅದು ಸಾಯುತ್ತಿಲ್ಲ, ಸಂದೇಶ ಕಳಿಸುವುದನ್ನು ಬದಿಗಿಟ್ಟು ಎಳೆ ಕಟ್ಟಲು ಇಳಿದಿದೆ. ಗಾಯದ ಕೆಳಗಿನ ತುಂಡು ಮಾತ್ರ ಕರಗಿಹೋಗುತ್ತದೆ, ಇಂಗ್ಲಿಷ್ ವಿಜ್ಞಾನಿ ವಾಲರ್ ಅದನ್ನು 1850ರಲ್ಲೇ ಕಪ್ಪೆಯ ನಾಲಿಗೆಯ ನರಗಳಲ್ಲಿ ತೋರಿಸಿದ್ದರು. ಎಳೆಯನ್ನು ಸುತ್ತಿಕೊಂಡಿರುವ ಷ್ವಾನ್ ಕೋಶಗಳು ಆ ಕಸ ತೆಗೆದು, ಸಾಲಾಗಿ ನಿಂತು ಹೊಸ ಎಳೆಗೆ ದಾರಿ ಮಾಡುತ್ತವೆ. ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಅಷ್ಟೇ.

ಅಷ್ಟು ದಿನ ನಾವು ಸುಮ್ನೆ ಕೂರುವುದಿಲ್ಲ. ಮಣಿಕಟ್ಟನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಹಾಕುತ್ತೇನೆ. ಬೆರಳಿನ ಗಂಟುಗಳು ಬಿಗಿಯಾಗದಂತೆ ಇನ್ನೊಂದು ಕೈಯಿಂದ ದಿನಾ ಆಡಿಸಲು ಹೇಳಿಕೊಡುತ್ತೇನೆ, ಯಾಕಂದ್ರೆ ನರ ಬಂದು ತಲುಪಿದಾಗ ಗಂಟು ಸೆಟೆದಿದ್ದರೆ ಏನು ಪ್ರಯೋಜನ? "ಕರೆಂಟ್ ಕೊಡಿ" ಅಂತ ಜಾಸ್ತಿ ಜನ ಕೇಳುತ್ತಾರೆ. ಅದರಿಂದ ನರ ಬೇಗ ಬೆಳೆಯುತ್ತದೆ ಅಂತ ನಾನು ಯಾರಿಗೂ ಭರವಸೆ ಕೊಡುವುದಿಲ್ಲ.

ಪ್ರತಿ ಸಲ ನರದ ದಾರಿಯುದ್ದಕ್ಕೂ ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ. ಕೈಯ ಹಿಂಭಾಗಕ್ಕೆ ಜುಮ್ ಅನ್ನುವ ಜಾಗಕ್ಕೆ ಪೆನ್ನಿನ ಗುರುತು ಹಾಕಿ, ಮೊಣಕೈಯಿಂದ ಟೇಪ್ ಹಿಡಿದು ಬರೆದುಕೊಳ್ಳುತ್ತೇನೆ. ಗುರುತು ಕೆಳಗೆ ಸರಿಯುತ್ತಿದ್ದರೆ ಎಳೆ ಬೆಳೆಯುತ್ತಿದೆ ಅಂತ ಅಂದಾಜು. ಆದರೆ ಅದು ಸ್ಪರ್ಶದ ಎಳೆಗಳ ಸುದ್ದಿ, ಸ್ನಾಯುವಿನದ್ದು ಬೇರೆಯಾಗಿಯೇ ನೋಡಬೇಕು.

ಸೋಮವಾರಪೇಟೆ ಕಡೆಯ ಅಣ್ಣ ಒಬ್ಬರು ಮಾರ್ಚ್‌ನಲ್ಲಿ ಬಿದ್ದಿದ್ದರು. ಮಳೆ ಜೋರಾಗಿದ್ದ ಸಮಯದಲ್ಲಿ ಒಂದು ದಿನ ಅವರ ಮೊಣಕೈ ಮಡಚಿಸಿ, ಹೆಬ್ಬೆರಳು ಮೇಲಿರಿಸಿ, "ನನ್ನ ಕೈಯನ್ನು ಮೇಲಕ್ಕೆ ತಳ್ಳಿ ಅಣ್ಣಾ" ಅಂದೆ. ಮುಂದೋಳಿನ ಹೊರಬದಿಯಲ್ಲಿ, ನನ್ನ ಬೆರಳ ಕೆಳಗೆ, ತೆಳ್ಳಗೆ ಒಂದು ಪಟ್ಟಿ ಬಿಗಿಯಿತು. ಬ್ರೇಕಿಯೋರೇಡಿಯಾಲಿಸ್! ಈ ಗಾಯದಲ್ಲಿ ಸಾಮಾನ್ಯವಾಗಿ ಮೊದಲು ಮರಳುವ ಸ್ನಾಯು ಅದೇ. ಆಮೇಲೆ ಮಣಿಕಟ್ಟು, ಕೊನೆಗೆ ಬೆರಳು, ಹೆಬ್ಬೆರಳು.

ಕತ್ತಿ ತಾಗಿ ನರ ಕಡಿದಿದ್ದರೆ ಹೀಗೆ ಕಾಯಬೇಡಿ, ತಕ್ಷಣ ಸರ್ಜನ್ ಹತ್ತಿರ ಹೋಗಿ. ಮೂಳೆ ಮುರಿತದ ಜೊತೆಗಾದ ಪೆಟ್ಟಿನಲ್ಲೂ ಮೂರು ನಾಲ್ಕು ತಿಂಗಳಾದರೂ ಯಾವ ಸ್ನಾಯುವೂ ಮಿಡುಕದಿದ್ದರೆ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಮಾಡಿಸಿ ಸರ್ಜನ್‌ಗೆ ತೋರಿಸಿ. ನರ ತಲುಪದೆ ವರ್ಷ, ಒಂದೂವರೆ ವರ್ಷ ಕಳೆದರೆ ಸ್ನಾಯು ಮತ್ತೆ ಕೆಲಸಕ್ಕೆ ಬರುವುದು ತುಂಬಾ ಕಷ್ಟ.