ಮುಧೋಳ ನಾಯಿಯ ಆಸೆ ಇತ್ತು, ಮನೆಗೆ ಬಂದದ್ದು ಕಪ್ಪಿ

ನಮ್ಮದು ಮೈಸೂರಿನಲ್ಲಿ ಎರಡನೇ ಮಹಡಿಯ ಮನೆ. ಗಂಡ, ನಾನು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗಳು ಶಾಲೆಗೆ. ಹಗಲಿಡೀ ಮನೆಯಲ್ಲಿರುವುದು ಅತ್ತೆ ಒಬ್ಬರೇ. ಅವರಿಗೆ ಮಂಡಿ ನೋವು, ಕೋಲು ಹಿಡಿದೇ ಓಡಾಡುತ್ತಾರೆ. ಹಾಗಾಗಿ ನಾಯಿ ತರುವ ಮಾತು ಬಂದಾಗ ನಾನು ಕೇಳಿದ್ದು ಒಂದೇ: ಹಗಲಲ್ಲಿ ಅತ್ತೆ ಅದನ್ನು ಸಂಭಾಳಿಸಬಲ್ಲರಾ?

ನನ್ನ ತವರು ಮುಧೋಳದ ಹತ್ತಿರ. ಆ ತಳಿ ಅಂದರೆ ನನಗೆ ಜೀವ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ ಅದು. ಆದರೆ ಅದನ್ನು ಹೊಲದಲ್ಲಿ ನೋಡಿದವರಿಗೆ ಗೊತ್ತು. ಉದ್ದ ಮೂತಿ, ಆಳವಾದ ಎದೆ, ಸಣ್ಣ ಸೊಂಟ, ಇಡೀ ಮೈಯೇ ಓಟಕ್ಕೆಂದು ಆದದ್ದು. ಮೊಲ ಎದ್ದರೆ ಕೂಗಿದರೂ ನಿಲ್ಲುವುದಿಲ್ಲ. ಹೊಸಬರು ಮುಟ್ಟಲು ಬಂದರೆ ಹಿಂದೆ ಸರಿಯುತ್ತದೆ. ದಿನಾ ಬಿಟ್ಟು ಓಡಿಸಲು ಜಾಗ ಇಲ್ಲದ ಮನೆಗೆ ಅದನ್ನು ತರಲು ನನಗೆ ಮನಸ್ಸು ಒಪ್ಪಲಿಲ್ಲ.

ಗಂಡನಿಗೆ ಲ್ಯಾಬ್ರಡಾರ್ ಇಷ್ಟ. ಪ್ರೀತಿಯ ನಾಯಿ, ನಿಜ. ಆದರೆ ಬೆಳೆದ ಮೇಲೆ 30 ಕೆಜಿ ತೂಗುತ್ತದೆ. ಖುಷಿಯಿಂದ ಮೈಮೇಲೆ ಹಾರಿದರೂ ಸಾಕು, ಅತ್ತೆ ಬೀಳುತ್ತಾರೆ. ಮಗಳು ಕೇಳಿದ ಹಸ್ಕಿ ಸೈಬೀರಿಯಾದ ಚಳಿಯದು, ಎರಡು ಪದರದ ಕೂದಲು. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೇಡವೇ ಬೇಡ.

ಕೊನೆಗೆ ನಮ್ಮ ನಾಡ ನಾಯಿಯನ್ನೇ ತರೋಣ ಅಂದುಕೊಂಡೆವು, ಅದೂ ಮರಿ ಅಲ್ಲ, ಬೆಳೆದದ್ದು. ಮರಿಯಾದರೆ ಗಳಿಗೆಗೊಮ್ಮೆ ಹೊರಗೆ ಕರೆದೊಯ್ಯಬೇಕು, ಹಲ್ಲು ಬರುವಾಗ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ದೊಡ್ಡದಾದ ಮೇಲೆ ಹೇಗಿರುತ್ತದೋ ಹೇಳಲಾಗದು, ನಾಡ ನಾಯಿ ಮರಿಯದಂತೂ ಎತ್ತರ, ತೂಕ ಕೂಡ ಊಹೆಯೇ. ಬೆಳೆದ ನಾಯಿಯ ಗುಣ ಕಣ್ಣೆದುರೇ ಇರುತ್ತದೆ, ಅಲ್ವಾ?

ಬೀದಿಯಿಂದ ತಂದು ಆರೈಕೆ ಮಾಡುತ್ತಿದ್ದವರ ಮನೆಗೆ ಅತ್ತೆಯನ್ನೂ ಕರೆದುಕೊಂಡು ಹೋದೆವು. ಅಲ್ಲಿ ಕಪ್ಪಿ ಇದ್ದಳು. ಕೋಲು ಕಂಡರೆ ಬೀದಿಯಲ್ಲಿ ಪೆಟ್ಟು ತಿಂದ ನಾಯಿಗಳು ಬೆದರುತ್ತವೆ, ನನಗೆ ಅದೇ ಚಿಂತೆ. ಕಪ್ಪಿ ಕೋಲಿನ ತುದಿಯನ್ನು ಮೂಸಿದಳು, ಅತ್ತೆಯ ಸೆರಗನ್ನೂ ಮೂಸಿದಳು, ಅಲ್ಲೇ ಕಾಲ ಬಳಿ ಕೂತಳು. ಆಮೇಲೂ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡಿದೆವು. ಕಾಲಿಂಗ್ ಬೆಲ್ ಆದಾಗ, ಮಿಕ್ಸಿ ತಿರುಗುವಾಗ, ತಟ್ಟೆಯ ಹತ್ತಿರ ಮಗು ಹೋದಾಗ ಏನು ಮಾಡುತ್ತಾಳೆ ಅಂತ. ಬೆಲ್‌ಗೆ ಬೊಗಳಿದಳು, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಸಂತಾನಹರಣ ಆಪರೇಷನ್ ಅವರೇ ಮಾಡಿಸಿದ್ದರು. ರೇಬೀಸ್ ಇಂಜೆಕ್ಷನ್ ವರ್ಷಕ್ಕೊಮ್ಮೆ ನಾವು ಹಾಕಿಸುತ್ತೇವೆ. ಬೆಳಿಗ್ಗೆ ಗಂಡ, ಸಂಜೆ ನಾನು ವಾಕಿಂಗ್ ಮಾಡಿಸುತ್ತೇವೆ. ಹಗಲೆಲ್ಲ ಅತ್ತೆಯ ಮಂಚದ ಪಕ್ಕ ಮಲಗುತ್ತಾಳೆ. ನೀವು ನಾಯಿ ನೋಡಲು ಹೋಗುವಾಗ, ಹಗಲು ಅದರ ಜೊತೆ ಇರುವವರನ್ನು ದಯವಿಟ್ಟು ಜೊತೆಗೇ ಕರೆದುಕೊಂಡು ಹೋಗಿ.