ಕತೆ ಬರೀತೀರಾ? ತಿಂಡಿ ಹೊತ್ತಿಗೇ ಹೋಗಿ

ಹೊಸದಾಗಿ ಕತೆ ಬರೆಯುತ್ತಿದ್ದೀರಾ, ಓದಿ ಹೇಳೋರು ಯಾರೂ ಸಿಗ್ತಿಲ್ವಾ? ಬೆಂಗಳೂರಿನಲ್ಲಿದ್ದರೆ ಭಾನುವಾರ ಬೆಳಗಿನ ಪುಸ್ತಕ ಬಿಡುಗಡೆಗಳಿಗೆ ಹೋಗಿ. ಬಸವನಗುಡಿ ಕಡೆ ಇಂಥವು ಆಗಾಗ ಇರುತ್ತವೆ. ಭಾಷಣಕ್ಕಲ್ಲ, ಅದಕ್ಕೂ ಮುಂಚಿನ ಉಪ್ಪಿಟ್ಟು, ಕೇಸರಿಬಾತ್ ಹೊತ್ತಿಗೇ ತಲುಪಿ. ಪರಿಚಯ ಕುದುರುವುದು ತಟ್ಟೆ ಹಿಡಿದು ನಿಂತಾಗಲೇ. ವೇದಿಕೆಯ ದೊಡ್ಡವರ ಹಿಂದೆ ಬೀಳಬೇಡಿ, ಅಲ್ಲಿ ಸೆಲ್ಫಿಯವರೇ ಜಾಸ್ತಿ. ಒಬ್ಬರೇ ನಿಂತವರನ್ನು 'ನೀವೂ ಬರೀತೀರಾ?' ಅಂತ ಕೇಳಿ.

ಮೊದಲು ಅವರ ಕತೆ ತರಿಸಿಕೊಂಡು ಓದಿ. 'ಚೆನ್ನಾಗಿದೆ' ಅಂತ ಸುಮ್ನೆ ಬಿಡದೆ, ಯಾವ ಪುಟದಲ್ಲಿ ಬೇಜಾರಾಯಿತು ಅಂತಲೂ ಹೇಳಿ. ನಿಮ್ಮದನ್ನು ಆಮೇಲೆ ಕಳಿಸಿ. ಮೂರ್ನಾಲ್ಕು ಜನ ಆದರೆ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಕೂತು ಗಟ್ಟಿಯಾಗಿ ಓದಿ. ರಜೆ ಸಿಕ್ಕರೆ ಸಾಗರದ ಹತ್ತಿರದ ಹೆಗ್ಗೋಡಿನಲ್ಲಿರುವ ರಂಗಸಂಸ್ಥೆ ನೀನಾಸಂನ ಶಿಬಿರಕ್ಕೂ ಅರ್ಜಿ ಹಾಕಿ. ಅಲ್ಲಿ ದಿನಗಟ್ಟಲೆ ಜೊತೆಗೇ ಊಟ, ಜೊತೆಗೇ ವಾದ.